ಎರಡು ಬಣ್ಣದ ಚಿತ್ತಾರದ ಟೊಪ್ಪಿಗೆ: ಉಣ್ಣೆ ನೂಲೋ, ಅಕ್ರಿಲಿಕ್ಕೋ?

ಧಾರವಾಡದ ಡಿಸೆಂಬರ್ ಬೆಳಗಿನ ವಾಕಿಂಗಿಗೆ ಎರಡು ಬಣ್ಣದ ಬೆಚ್ಚನೆ ಟೊಪ್ಪಿಗೆ ಹೆಣೆಯಬೇಕು ಅಂತಿದ್ದರೆ, ಮೊದಲು ನೂಲು ಯಾವುದು ಅಂತ ತೀರ್ಮಾನಿಸಿ.

ನನ್ನ ಮತ ಉಣ್ಣೆಗೆ. ಇಂಥ ಚಿತ್ತಾರಕ್ಕೆ ಹೆಸರಾದ, ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಫೇರ್ ಐಲ್ ಹೆಣಿಗೆಯಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ ಎರಡೇ ಬಣ್ಣ. ಆ ಹೊತ್ತಿಗೆ ಬೇಡದ ದಾರ ಹಿಂದುಗಡೆ ಹಾಯ್ದು ಹೋಗುತ್ತದೆ. ಇದರಿಂದ ಟೊಪ್ಪಿಗೆ ದಪ್ಪವಾಗುತ್ತದೆ, ಅದಕ್ಕೇ ಅಷ್ಟು ಬೆಚ್ಚಗೆ. ಉಣ್ಣೆಯ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಹಿಂದಿನ ದಾರ ಸುಲಭಕ್ಕೆ ಜೋಲುವುದಿಲ್ಲ. ಹೆಣೆದು ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಟವೆಲ್‌ನಲ್ಲಿ ಒತ್ತಿ, ಊದಿದ ಬಲೂನಿಗೆ ತೊಡಿಸಿ ಒಣಗಿಸಿ. ಏರುಪೇರಾದ ಕುಣಿಕೆಗಳೂ ಎಷ್ಟೋ ಸಮನಾಗಿ ಕೂರುತ್ತವೆ.

ಅಕ್ರಿಲಿಕ್ ಕೃತಕ ನೂಲು, ಜಾರುತ್ತದೆ. ನೆನೆಸಿದರೂ ಅಷ್ಟು ಸಮ ಆಗುವುದಿಲ್ಲ, ಹಾಗಾಗಿ ಕೈಬಿಗಿ ಮೊದಲಿನಿಂದಲೇ ಒಂದೇ ಥರ ಇರಬೇಕು. ಆದರೆ ಅಗ್ಗ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಮಷೀನಿಗೂ ಹಾಕಬಹುದು. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಚಿಕ್ಕ ಮಕ್ಕಳ ಟೊಪ್ಪಿಗೆ ಪದೇ ಪದೇ ಒಗೆಯಬೇಕಲ್ವಾ, ಅವರಿಗೆ ಅಕ್ರಿಲಿಕ್ಕೇ ಸರಿ.

ಹಾವೇರಿ ಕಡೆ ಕಂಬಳಿಗೆ ಬಳಸುವ ಉಣ್ಣೆ ಆಗುತ್ತಾ? ಅದು ಒರಟು, ಹಣೆಗೆ ಚುಚ್ಚುತ್ತದೆ. ಟೊಪ್ಪಿಗೆಗೆ ಮೆರಿನೋ ಕುರಿಯ ಉಣ್ಣೆಯ ಥರದ ಮೆತ್ತನೆ ನೂಲು ಬೇಕು.

ಯಾವುದನ್ನೇ ಆರಿಸಿ, ಹಿಂದಿನ ದಾರವನ್ನು ಜಗ್ಗಬೇಡಿ. ಜಗ್ಗಿದರೆ ಹಿಗ್ಗುವುದಿಲ್ಲ, ಟೊಪ್ಪಿಗೆ ತಲೆಗೆ ಏರುವುದೇ ಇಲ್ಲ. ಹಿಂದಿನ ದಾರ ಐದು ಕುಣಿಕೆಗಿಂತ ಉದ್ದ ಹಾಯುವುದಾದರೆ, ನಡುವೆ ಅದನ್ನು ಹೆಣೆಯುತ್ತಿರುವ ದಾರಕ್ಕೆ ಒಮ್ಮೆ ಸಿಕ್ಕಿಸಿ ಮುಂದೆ ಹೋಗಿ.