1958ರ ಆ ಹದಿನೈದು ಪುಟಕ್ಕೆ ನಾಲ್ಕು ದಾರಿ

ಪತ್ರಿಕೆ ನಿಂತುಹೋಗಿ ದಶಕಗಳಾಗಿವೆ. ಬೇಕಿರುವುದು ಅದರ 1958ರ ಒಂದು ಸಂಚಿಕೆಯ ಹದಿನೈದು ಪುಟ, ಅಷ್ಟೇ. ಸಂಶೋಧನೆ ಮಾಡುವವರಿಗೆ ಈ ಫಜೀತಿ ಹೊಸದಲ್ಲ. ಹೋದ ವರ್ಷದ ಲೇಖನ ಹೇಗೋ ಸಿಗುತ್ತದೆ. ನೂರೈವತ್ತು ವರ್ಷ ಹಳೆಯ ಪುಸ್ತಕವೂ ಸಿಗುತ್ತದೆ. ನಡುವಿನದ್ದೇ ಕಷ್ಟ.

ಇಂಥದ್ದಕ್ಕಾಗಿ ನಾನು ಹಿಡಿದು ನೋಡಿರುವ ದಾರಿ ನಾಲ್ಕು: ಸ್ಕ್ಯಾನ್ ಮಾಡಿದ ಪುಸ್ತಕಗಳ ಎರಡು ಜಾಲತಾಣಗಳಾದ ಹಾಥಿಟ್ರಸ್ಟ್ ಮತ್ತು ಇಂಟರ್ನೆಟ್ ಆರ್ಕೈವ್, ನಮ್ಮ ಗ್ರಂಥಾಲಯ ಇನ್ನೊಂದು ಗ್ರಂಥಾಲಯದಿಂದ ತರಿಸಿಕೊಡುವ ಇಂಟರ್‌ಲೈಬ್ರರಿ ಲೋನ್, ಮತ್ತೆ ದುಡ್ಡಿಲ್ಲದೆ ಯಾರು ಬೇಕಾದರೂ ಓದಲು ಬಿಟ್ಟಿರುವ ಓಪನ್ ಆ್ಯಕ್ಸೆಸ್. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಾಲ್ಕರಲ್ಲಿ ತೀರಾ ಹಳೇ ಕಾಲದ್ದು, ತೀರಾ ನಿಧಾನ ಅನ್ನಿಸುವ ಇಂಟರ್‌ಲೈಬ್ರರಿ ಲೋನೇ ನನ್ನ ಕೈ ಹಿಡಿದದ್ದು ಜಾಸ್ತಿ. ಆದರೆ ಅದೊಂದನ್ನೇ ನಂಬಿ ಕೂತರೆ ಆಗುವುದು ಅರ್ಧ ಕೆಲಸ.

ಹಾಥಿಟ್ರಸ್ಟ್ ಶುರುವಾಗಿದ್ದು 2008ರಲ್ಲಿ. ಮಿಷಿಗನ್, ಕ್ಯಾಲಿಫೋರ್ನಿಯಾದಂಥ ವಿಶ್ವವಿದ್ಯಾಲಯಗಳು ಗೂಗಲ್ ಕೈಯಲ್ಲಿ ತಮ್ಮ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿದ್ದವು. ಆ ಫೈಲುಗಳನ್ನು ಒಬ್ಬೊಬ್ಬರೇ ಕಾಯುವ ಬದಲು ಎಲ್ಲರೂ ಸೇರಿ ಕಾಯೋಣ ಅಂತ ಮಾಡಿಕೊಂಡ ಏರ್ಪಾಡು ಇದು. ಈಗ ಅಲ್ಲಿ 1.7 ಕೋಟಿಗೂ ಜಾಸ್ತಿ ಸಂಪುಟಗಳಿವೆ. ಅರ್ಧಕ್ಕಿಂತ ಹೆಚ್ಚಿನದು ತೆರೆಯುವುದಿಲ್ಲ. ಹಕ್ಕುಸ್ವಾಮ್ಯ ಇರುವ ಪುಸ್ತಕದಲ್ಲಿ ಒಂದು ಪದ ಹಾಕಿ ಹುಡುಕಿದರೆ, ಅದು ಯಾವ ಯಾವ ಪುಟದಲ್ಲಿದೆ, ಎಷ್ಟು ಸಲ ಬಂದಿದೆ ಅಂತ ತೋರಿಸುತ್ತದೆ. 214ನೇ ಪುಟದಲ್ಲಿ ಮೂರು ಸಲ, 219ರಲ್ಲಿ ಒಂದು ಸಲ. ಆ ಸಾಲು ಮಾತ್ರ ಕಾಣುವುದಿಲ್ಲ. ಮೊದಮೊದಲು ಮೈ ಉರಿಯುತ್ತದೆ. ಆಮೇಲೆ ಇದೇ ಅದರ ದೊಡ್ಡ ಉಪಕಾರ ಅಂತ ಗೊತ್ತಾಗುತ್ತದೆ. ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇಂಟರ್ನೆಟ್ ಆರ್ಕೈವ್‌ನ ಜಾಯಮಾನವೇ ಬೇರೆ. ಬ್ರೂಸ್ಟರ್ ಕೇಲ್ 1996ರಲ್ಲಿ ಕಟ್ಟಿದ ಸಂಸ್ಥೆ ಇದು. ಗ್ರಂಥಾಲಯಗಳ ಒಕ್ಕೂಟವಲ್ಲ, ಆದರೆ ಎಷ್ಟೋ ಗ್ರಂಥಾಲಯಗಳ ಪುಸ್ತಕ ಇಲ್ಲಿ ಸ್ಕ್ಯಾನ್ ಆಗಿ ಬಂದಿವೆ. ಓದುವ ಸುಖದಲ್ಲಿ ಇದೇ ಮುಂದೆ. ಪುಟ ಸಲೀಸಾಗಿ ಮಗುಚುತ್ತದೆ, ಹುಡುಕಿದ ಪದದ ಸುತ್ತಲಿನ ಸಾಲು ಕಾಣುತ್ತದೆ. ಹಕ್ಕು ಮುಗಿದ ಪುಸ್ತಕದ ಪೂರ್ತಿ ಪಿಡಿಎಫ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಥಿಟ್ರಸ್ಟ್‌ನಲ್ಲಿ ಗೂಗಲ್ ಸ್ಕ್ಯಾನ್ ಮಾಡಿದ ಪುಸ್ತಕವನ್ನು ಹಾಗೆ ಇಡಿಯಾಗಿ ಇಳಿಸಿಕೊಳ್ಳುವುದು ಸದಸ್ಯ ಸಂಸ್ಥೆಯವರಿಗೆ ಮಾತ್ರ ಸಾಧ್ಯ. ಆದರೆ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಫೈಲು ಏರಿಸಬಹುದು. ಹಾಗಾಗಿ ಒಂದೇ ಪತ್ರಿಕೆಯ ಸಂಪುಟಗಳು ಬೇರೆ ಬೇರೆ ಹೆಸರಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಹಾಥಿಟ್ರಸ್ಟ್‌ನ ವಿವರಗಳು ಗ್ರಂಥಾಲಯಗಳ ಕೆಟಲಾಗಿನಿಂದಲೇ ಬರುವುದರಿಂದ ಸಂಪುಟ, ವರ್ಷ, ಸಂಚಿಕೆ ಎಲ್ಲ ಸಾಲಾಗಿ ಸಿಗುತ್ತವೆ. ಪತ್ರಿಕೆಗಳ ಹಳೆಯ ಸಂಚಿಕೆ ಹುಡುಕುವವರು ನೇರ ಅಲ್ಲಿಗೇ ಹೋಗುವುದು ಒಳ್ಳೆಯದು.

ಹಕ್ಕುಸ್ವಾಮ್ಯ ಇರುವ ಪುಸ್ತಕವನ್ನು ಹಾಥಿಟ್ರಸ್ಟ್ ತೋರಿಸಿ ಮುಚ್ಚಿಕೊಳ್ಳುತ್ತದೆ, ಆರ್ಕೈವ್ ಎರವಲು ಕೊಡುತ್ತದೆ, ಯಾಕೆ? ಇದರ ಹಿಂದೆ ಕೋರ್ಟಿನ ಕಥೆ ಇದೆ. ಲೇಖಕರ ಸಂಘ ಹಾಥಿಟ್ರಸ್ಟ್ ಮೇಲೆ ಹೂಡಿದ ದಾವೆಯಲ್ಲಿ ಅಮೆರಿಕದ ಎರಡನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿತು. ಪುಟದೊಳಗೆ ಹುಡುಕುವುದು ಸರಿ, ಕಣ್ಣು ಕಾಣದವರಿಗೆ ಪೂರ್ತಿ ಪಠ್ಯ ಕೊಡುವುದೂ ಸರಿ ಅಂದಿತು. ಹತ್ತು ವರ್ಷ ಬಿಟ್ಟು, 2024ರಲ್ಲಿ, ಅದೇ ನ್ಯಾಯಾಲಯ ಪ್ರಕಾಶಕರ ದಾವೆಯಲ್ಲಿ ಇಂಟರ್ನೆಟ್ ಆರ್ಕೈವ್ ವಿರುದ್ಧ ಹೇಳಿತು. ಒಂದು ಮುದ್ರಿತ ಪ್ರತಿ ಇದ್ದರೆ ಒಂದು ಡಿಜಿಟಲ್ ಪ್ರತಿ ಎರವಲು ಕೊಡುತ್ತೇವೆ ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ. ಈ ದಾವೆಯಿಂದಾಗಿ ಐದು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಎರವಲು ಪಟ್ಟಿಯಿಂದ ಹೊರಗೆ ಹೋದವು. ಗಂಟೆಗೊಮ್ಮೆ ಎರವಲು ಪಡೆದು ಓದುತ್ತಿದ್ದ ಎಷ್ಟೋ ಪುಸ್ತಕಗಳ ಬಾಗಿಲು ನನಗೂ ಹಾಗೇ ಮುಚ್ಚಿತು. ಪ್ರಕಾಶಕರ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಂಗಡಿಯಲ್ಲಿ ಸಿಗದ, ಮರುಮುದ್ರಣವೂ ಆಗದ ಪುಸ್ತಕಕ್ಕೆ ಬೀಗ ಹಾಕಿದರೆ ಯಾರಿಗೆ ಲಾಭ, ಅಲ್ವಾ?

ಬೀಗ ತೆಗೆದರೆ ಹೇಗಿರುತ್ತದೆ ಅನ್ನುವುದನ್ನು ಕೋವಿಡ್ ಕಾಲ ತೋರಿಸಿತ್ತು. 2020ರಲ್ಲಿ ಗ್ರಂಥಾಲಯಗಳು ಮುಚ್ಚಿದಾಗ ಹಾಥಿಟ್ರಸ್ಟ್ ತುರ್ತು ಏರ್ಪಾಡು ಮಾಡಿತು. ಸದಸ್ಯ ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕ ಇದ್ದರೆ, ಅದರ ಓದುಗರು ಡಿಜಿಟಲ್ ಪ್ರತಿ ಓದಬಹುದಿತ್ತು. ಯಾರ ಬಳಿ ಯಾವ ಪುಸ್ತಕ ಇದೆ ಅನ್ನುವ ಲೆಕ್ಕ ಮೊದಲೇ ಒಂದೆಡೆ ಇದ್ದದ್ದರಿಂದ ಇದು ಆಗಿದ್ದು.

ಇಂಥ ಲೆಕ್ಕದ ಮೇಲೆಯೇ ನಿಂತಿದೆ ಇಂಟರ್‌ಲೈಬ್ರರಿ ಲೋನ್. ಒಹಾಯೊದ ಕಾಲೇಜುಗಳು ಸೇರಿ 1967ರಲ್ಲಿ ಶುರು ಮಾಡಿದ ಓಸಿಎಲ್‌ಸಿ ಈಗ ವರ್ಲ್ಡ್‌ಕ್ಯಾಟ್ ಅನ್ನುವ ಜಾಗತಿಕ ಕೆಟಲಾಗ್ ನಡೆಸುತ್ತದೆ. ಅದಕ್ಕೂ ಹಿಂದೆ, 1949ರಲ್ಲಿ, ಶಿಕಾಗೋದಲ್ಲಿ ಸಂಶೋಧನಾ ಗ್ರಂಥಾಲಯಗಳು ಸೇರಿ ಒಂದು ಕೇಂದ್ರ ಕಟ್ಟಿಕೊಂಡವು. ಅಪರೂಪಕ್ಕೆ ಬೇಕಾಗುವ ಪುಸ್ತಕವನ್ನು ಎಲ್ಲರೂ ಕೊಳ್ಳುವುದು ಬೇಡ, ಒಂದು ಪ್ರತಿ ಇಟ್ಟು ಹಂಚಿಕೊಳ್ಳೋಣ ಅನ್ನುವುದು ಲೆಕ್ಕಾಚಾರ. ಫಾರ್ಮಿಂಗ್ಟನ್ ಯೋಜನೆಯಲ್ಲಿ ಅಮೆರಿಕದ ಗ್ರಂಥಾಲಯಗಳು ಹೊರದೇಶದ ಪುಸ್ತಕ ಕೊಳ್ಳುವ ಕೆಲಸವನ್ನೇ ವಿಷಯವಾರು ಹಂಚಿಕೊಂಡಿದ್ದವು. ಅಮೆರಿಕದ ಆಹಾರ ನೆರವಿನ ಕಾನೂನಾದ ಪಿಎಲ್-480ರ ಹಣದಲ್ಲಿ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳು ಅಲ್ಲಿಗೆ ರಾಶಿ ರಾಶಿ ಹೋದವು. ಅಲ್ಲಿನ ಕಪಾಟುಗಳಲ್ಲಿ ಕನ್ನಡ ಪುಸ್ತಕಗಳು ಕೂತಿರುವುದಕ್ಕೆ ಇದೊಂದು ಕಾರಣ. (ಕೆಟಲಾಗಿನಲ್ಲಿ ಅವು ಲ್ಯಾಟಿನ್ ಲಿಪಿಯಲ್ಲಿ, ಅಕ್ಷರದ ಮೇಲೆ ಕೆಳಗೆ ಚುಕ್ಕಿ ಗೆರೆಗಳ ಸಮೇತ ಇರುತ್ತವೆ. ಕನ್ನಡದಲ್ಲಿ ಟೈಪಿಸಿ ಸಿಗಲಿಲ್ಲ ಅಂತ ಸುಮ್ನೆ ವಾಪಸ್ ಬರಬೇಡಿ.)

ಕೋರಿಕೆ ಹಾಕಿದ ಮೇಲೆ ಕಾಯಬೇಕು. ಲೇಖನ ಕೆಲವೇ ದಿನಗಳಲ್ಲಿ ಪಿಡಿಎಫ್ ಆಗಿ ಬರಬಹುದು. ಪುಸ್ತಕಕ್ಕೆ ವಾರಗಳೇ ಹಿಡಿಯುತ್ತವೆ. ಬಂದರೂ ಒಮ್ಮೊಮ್ಮೆ ಗ್ರಂಥಾಲಯದೊಳಗೇ ಕೂತು ಓದಬೇಕು ಅನ್ನುವ ಪಟ್ಟಿ ಅಂಟಿಸಿರುತ್ತಾರೆ. ದೊಡ್ಡ ಕೊರತೆ ಇನ್ನೊಂದಿದೆ. ಯಾವುದಾದರೂ ಸಂಸ್ಥೆಯ ಗುರುತಿನ ಚೀಟಿ ಇಲ್ಲದವರಿಗೆ ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ನಿಮ್ಮ ಗ್ರಂಥಾಲಯ ಯಾವ ಒಕ್ಕೂಟದಲ್ಲೂ ಇಲ್ಲದಿದ್ದರೆ ಆರ್‌ಎಸ್‌ಸಿವಿಡಿ ಅನ್ನುವ ಸ್ವಯಂಸೇವಕರ ಜಾಲದ ಬಗ್ಗೆ ಅಲ್ಲಿನವರಿಗೆ ಹೇಳಿ ನೋಡಿ. ಕೋವಿಡ್ ಸಮಯದಲ್ಲಿ ಹುಟ್ಟಿದ್ದು ಅದು. ಲೇಖನದ ಕೋರಿಕೆಯನ್ನು ಗ್ರಂಥಾಲಯವೇ ಕಳಿಸಬೇಕು.

ಇಷ್ಟಿದ್ದರೂ ನಾನು ಇದಕ್ಕೇ ಅಂಟಿಕೊಂಡಿರುವುದು ಆ ಕಡೆ ಒಬ್ಬ ಮನುಷ್ಯ ಇರುತ್ತಾನೆ ಅನ್ನುವ ಕಾರಣಕ್ಕೆ. ರಾಶಿಗಟ್ಟಲೆ ಸ್ಕ್ಯಾನ್ ಮಾಡುವಾಗ ಮಡಚಿದ ನಕ್ಷೆಯನ್ನು ಬಿಡಿಸುವುದಿಲ್ಲ. ಮಡಚಿದ ಹಾಗೇ ಅದರ ಬೆನ್ನಿನ ಚಿತ್ರ ಬಂದಿರುತ್ತದೆ, ಪಕ್ಕದಲ್ಲಿ ರಬ್ಬರ್ ಟೋಪಿ ಹಾಕಿದ ಯಾರದೋ ಬೆರಳು. ಅದೇ ನಕ್ಷೆ ಬೇಕು ಅಂತ ಕೋರಿಕೆಯಲ್ಲಿ ಬರೆದರೆ ಗ್ರಂಥಪಾಲಕರು ಬಿಡಿಸಿ, ಎರಡು ಭಾಗ ಮಾಡಿ ಕಳಿಸುತ್ತಾರೆ. ಕೇಳದೇ ಇದ್ದರೂ ವಿಷಯಸೂಚಿ, ತಿದ್ದುಪಡಿ ಚೀಟಿ ಸೇರಿಸಿದವರಿದ್ದಾರೆ.

ಈಗ ಹಾಥಿಟ್ರಸ್ಟ್‌ನ ಉಪಕಾರಕ್ಕೆ ಬರೋಣ. ಹಕ್ಕುಸ್ವಾಮ್ಯದ ಕಾರಣಕ್ಕೆ ಇಡೀ ಪುಸ್ತಕದ ಸ್ಕ್ಯಾನ್ ಯಾರೂ ಕಳಿಸುವುದಿಲ್ಲ. ಒಂದು ಲೇಖನ, ಒಂದು ಅಧ್ಯಾಯ ಕಳಿಸುತ್ತಾರೆ. ಯಾವ ಅಧ್ಯಾಯ ಅಂತ ಗೊತ್ತಿರಬೇಕಲ್ಲ? ಅಲ್ಲಿ ಮುಚ್ಚಿದ ಪುಸ್ತಕದೊಳಗೆ ಹುಡುಕಿ ಪುಟ ಸಂಖ್ಯೆ ಹಿಡಿಯಿರಿ. ಪದಗಳು ದಟ್ಟವಾಗಿ ಬಂದಿರುವ ಜಾಗ ನೋಡಿದರೆ ಅಧ್ಯಾಯದ ಗಡಿ ಸುಮಾರಾಗಿ ತಿಳಿಯುತ್ತದೆ. ಕೋರಿಕೆಯಲ್ಲಿ ಸಂಪುಟ, ವರ್ಷ, ಪುಟ 212ರಿಂದ 226 ಅಂತ ಬರೆದರೆ ಕೆಲಸ ಸಲೀಸು. "ಈ ವಿಷಯದ ಬಗ್ಗೆ ಇರುವ ಭಾಗ" ಅಂತ ಬರೆದ ಕೋರಿಕೆ ವಾಪಸ್ ಬರುತ್ತದೆ.

ಓಪನ್ ಆ್ಯಕ್ಸೆಸ್ ಬಗ್ಗೆ ಓದುಗರಾಗಿ ದೂರುವುದು ಕಡಿಮೆ. ಉಚಿತ ಪ್ರತಿ ಹುಡುಕಿಕೊಡುವ ಅನ್‌ಪೇವಾಲ್ ಅನ್ನುವ ಸಾಧನವನ್ನು ಬ್ರೌಸರಿಗೆ ಹಾಕಿಕೊಂಡರೆ ಉಚಿತ ಪ್ರತಿ ಇರುವ ಕಡೆ ಹಸಿರು ಬೀಗ ಕಾಣುತ್ತದೆ, ಒತ್ತಿದರೆ ಮುಗಿಯಿತು. ಸಿಗುವುದು ಒಮ್ಮೊಮ್ಮೆ ಲೇಖಕರ ಕೊನೆಯ ಕರಡು. ಅದರಲ್ಲಿ ಪುಟ ಒಂದರಿಂದ ಶುರು, ಪತ್ರಿಕೆಯಲ್ಲಿ 417ರಿಂದ. ಉಲ್ಲೇಖಿಸುವವರು ಹುಷಾರು.

ದುಡ್ಡು ಯಾರು ಕೊಡುತ್ತಾರೆ ಅನ್ನುವಲ್ಲಿ ಮಾತ್ರ ಅಜಗಜಾಂತರ. ನೇಚರ್ ಪತ್ರಿಕೆ 2021ರಲ್ಲಿ ಒಂದು ಲೇಖನ ಮುಕ್ತವಾಗಿಸಲು 9,500 ಯೂರೋ ದರ ಇಟ್ಟಿತು. ಅದು ಲೇಖಕರ ಕಡೆಯಿಂದ ಬರಬೇಕು. ಇನ್ನೊಂದು ಕಡೆ, ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ ಮುಂದಾಳತ್ವದ ಸ್ಕೋಪ್3 ಒಕ್ಕೂಟ ಇದೆ. 2014ರಿಂದ ಗ್ರಂಥಾಲಯಗಳು ಚಂದಾ ಹಣವನ್ನೇ ಒಟ್ಟು ಹಾಕಿ ಕಣ ಭೌತಶಾಸ್ತ್ರದ ಪತ್ರಿಕೆಗಳನ್ನು ಎಲ್ಲರಿಗೂ ತೆರೆದಿವೆ. ಮಾನವಿಕ ವಿಷಯಗಳಿಗೆ ಓಪನ್ ಲೈಬ್ರರಿ ಆಫ್ ಹ್ಯುಮಾನಿಟೀಸ್ ಇದೆ, ಓದುಗರೂ ಕೊಡಬೇಕಿಲ್ಲ, ಬರೆಯುವವರೂ ಕೊಡಬೇಕಿಲ್ಲ. ಆ್ಯನ್ಯುಯಲ್ ರಿವ್ಯೂಸ್ ಅನ್ನುವ ಪ್ರಕಾಶನ ಸಂಸ್ಥೆ ಹಿಡಿದ ದಾರಿ ಮಜವಾಗಿದೆ. ಸಾಕಷ್ಟು ಗ್ರಂಥಾಲಯಗಳು ಚಂದಾ ಮುಂದುವರಿಸಿದರೆ ಆ ವರ್ಷದ ಸಂಪುಟ ಎಲ್ಲರಿಗೂ ಮುಕ್ತ, ಇಲ್ಲದಿದ್ದರೆ ಚಂದಾದಾರರಿಗೆ ಮಾತ್ರ. ಬೇರೆಯವರು ಕೊಡಲಿ, ನಾವು ಸುಮ್ಮನೆ ಓದೋಣ ಅನ್ನುವವರು ಜಾಸ್ತಿಯಾದರೆ ಬಾಗಿಲು ಮತ್ತೆ ಮುಚ್ಚುತ್ತದೆ. ನನ್ನ ಮಟ್ಟಿಗೆ ಈ ಕೂಡು ಖರ್ಚಿನ ಮಾದರಿಗಳೇ ಮೇಲು. ಲೇಖಕರ ಕೈಗೆ ಬಿಲ್ಲು ಕೊಡುವ ಮಾದರಿಯಲ್ಲಿ ದುಡ್ಡಿಲ್ಲದವರು ಓದಬಹುದು, ಬರೆಯುವ ಹಾಗಿಲ್ಲ.

ಆದರೆ ಇದೆಲ್ಲ ಬಹುಪಾಲು ಹೊಸ ಲೇಖನಗಳ ಮಾತು. 1958ರ ಸಂಚಿಕೆಗೆ ಇದರಿಂದ ಏನೂ ಆಗುವುದಿಲ್ಲ.

ಇಂಟರ್‌ಲೈಬ್ರರಿ ಲೋನ್‌ಗೆ ಈಗ ಪೆಟ್ಟು ಬೀಳುತ್ತಿರುವುದು ಹೊಸ ಪುಸ್ತಕಗಳ ಕಡೆಯಿಂದ. ಎಷ್ಟೋ ಗ್ರಂಥಾಲಯಗಳು ಇ-ಬುಕ್ ಮಾತ್ರ ಕೊಳ್ಳುತ್ತವೆ. ಇ-ಬುಕ್ಕಿನ ಲೈಸೆನ್ಸ್ ಒಪ್ಪಂದಗಳಲ್ಲಿ ಬೇರೆ ಗ್ರಂಥಾಲಯಕ್ಕೆ ಕೊಡಬಾರದು ಅನ್ನುವ ಷರತ್ತು ಸಾಮಾನ್ಯ. ಕೆಟಲಾಗಿನಲ್ಲಿ ಹತ್ತು ಗ್ರಂಥಾಲಯದ ಹೆಸರು ಕಂಡರೂ ಕೈಗೆ ಒಂದೂ ಬಾರದು. ಹಾಗಾಗಿ ಈಚಿನ ಪುಸ್ತಕ ಬೇಕಾದಾಗ ಮೊದಲು ಮುದ್ರಿತ ಪ್ರತಿ ಯಾರ ಬಳಿ ಇದೆ ಅಂತ ನೋಡುತ್ತೇನೆ. ಇಲ್ಲದಿದ್ದರೆ ಮುಕ್ತ ಪುಸ್ತಕಗಳ ಪಟ್ಟಿಯಾದ ಡಿಒಎಬಿ. ಅಲ್ಲೂ ಸಿಗದಿದ್ದರೆ ಲೇಖಕರಿಗೆ ನೇರವಾಗಿ ಒಂದು ಇಮೇಲ್. ಹೆಚ್ಚಿನವರು ಅಧ್ಯಾಯವನ್ನು ಖುಷಿಯಿಂದ ಕಳಿಸುತ್ತಾರೆ.