ಬಸ್ ಬಹಿಷ್ಕಾರವೋ, ಕೌಂಟರ್ ಧರಣಿಯೋ?

ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದ ಬಗ್ಗೆ ಭಾಷಣ ಮಾಡಬೇಕು, ಮಾಂಟ್ಗೊಮೆರಿ ಊರಿನ ಬಸ್ ಬಹಿಷ್ಕಾರ ಆರಿಸಲೋ ಗ್ರೀನ್ಸ್‌ಬರೋ ಊರಿನ ಕೌಂಟರ್ ಧರಣಿ ಆರಿಸಲೋ ಎಂದು ಕೇಳಿದ್ದೀರಿ.

ಮೊದಲು ಜನಬಲ ನೋಡಿ. ಮಾಂಟ್ಗೊಮೆರಿಯಲ್ಲಿ ಸಾವಿರಾರು ಜನ ಒಟ್ಟಾಗಬೇಕಾಯಿತು. 1955ರ ಡಿಸೆಂಬರ್ 5ರಿಂದ 381 ದಿನ ಅವರು, ಕಪ್ಪು ಜನರನ್ನು ಬೇರೆಯಾಗಿ ಕೂರಿಸುತ್ತಿದ್ದ ಬಸ್ ಹತ್ತಲಿಲ್ಲ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಕಾರಿದ್ದವರು ಇಲ್ಲದವರನ್ನು ಕೂರಿಸಿಕೊಂಡು ಹೋದರು. ನನ್ನ ಮನಸ್ಸಿಗೆ ಜಾಸ್ತಿ ತಟ್ಟುವುದು ಇದೇ. ಒಂದು ದಿನದ ಧೈರ್ಯ ಬೇರೆ, ವರ್ಷವಿಡೀ ಕಾಲು ಸವೆಸುವುದು ಬೇರೆ, ಅಲ್ವಾ?

ಗ್ರೀನ್ಸ್‌ಬರೋದಲ್ಲಿ ಶುರು ಮಾಡಿದ್ದು ನಾಲ್ಕೇ ಕಪ್ಪು ವಿದ್ಯಾರ್ಥಿಗಳು. 1960ರ ಫೆಬ್ರುವರಿ 1ರಂದು ವುಲ್‌ವರ್ತ್ ಅಂಗಡಿಯ, ಬಿಳಿಯರಿಗಷ್ಟೇ ಬಡಿಸುತ್ತಿದ್ದ ಊಟದ ಕೌಂಟರಿನಲ್ಲಿ ಸುಮ್ನೆ ಕೂತರು. ಕೆಲವೇ ವಾರಗಳಲ್ಲಿ ಅದು ಹತ್ತಾರು ಊರುಗಳಿಗೆ ಹಬ್ಬಿತು.

ಅಪಾಯ ಎರಡರಲ್ಲೂ ಇತ್ತು. ಬಹಿಷ್ಕಾರದ ನಡುವೆ ಅದರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಧರಣಿಯಲ್ಲಿ ಬೈಗುಳ, ಏಟು ನೇರವಾಗಿ ಮೈಮೇಲೆ. ಅದಕ್ಕೇ ಇಂಥದೇ ಧರಣಿ ನಡೆದ ನ್ಯಾಶ್‌ವಿಲ್ ಊರಿನಲ್ಲಿ ಹೋರಾಟಗಾರ ಜೇಮ್ಸ್ ಲಾಸನ್ ವಿದ್ಯಾರ್ಥಿಗಳಿಗೆ ಏಟಿಗೆ ಏಟು ಕೊಡದಿರುವ ತರಬೇತಿಯನ್ನು ಮೊದಲೇ ಕೊಟ್ಟಿದ್ದರು. ಅವರು ನಾಗಪುರದಲ್ಲಿದ್ದು ಗಾಂಧೀಜಿಯ ದಾರಿಯನ್ನು ಕಲಿತವರು.

ಫಲ? ಬಸ್ಸಿನ ಭೇದ ಕೊನೆಗೊಂಡದ್ದು ಸುಪ್ರೀಂ ಕೋರ್ಟ್ ತೀರ್ಪಿನಿಂದ. ವುಲ್‌ವರ್ತ್ ವ್ಯಾಪಾರ ಕುಸಿದು 1960ರ ಜುಲೈನಲ್ಲಿ ತಾನೇ ಮಣಿದು ಆ ಕೌಂಟರಿನಲ್ಲಿ ಕಪ್ಪು ಜನರಿಗೂ ಬಡಿಸಿತು.

ಕೇಳುಗರು ಸಂಘಟನೆ ಕಟ್ಟುವವರಾದರೆ ಮಾಂಟ್ಗೊಮೆರಿ ಆರಿಸಿ. ಕಾಲೇಜು ಹುಡುಗರಾದರೆ ಆ ನಾಲ್ವರ ಕಥೆ ಹೇಳಿ.