ಪಾಚಿ ಮೇಲಿನ ಕರ್ಣಕುಂಡಲ: ಆ್ಯಪ್, ಫ್ಲೋರಾ, ಹರ್ಬೇರಿಯಂ ಹಾಳೆ ಮೂರನ್ನೂ ಒರೆಗೆ ಹಚ್ಚಿದಾಗ

ಎತ್ತರದ ಬೆಟ್ಟಗಳ ಶೋಲಾ ಕಾಡಿನ ಮರಗಳ ಮೇಲೆ ಮಳೆಗಾಲದಲ್ಲಿ ಮಾತ್ರ ತಲೆ ಎತ್ತುವ ಕರ್ಣಕುಂಡಲಗಳಿವೆ. ಮನೆಯಂಗಳದ ಕರ್ಣಕುಂಡಲಕ್ಕಿರುವ ರಸಭರಿತ ಕಾಂಡ ಇವಕ್ಕಿಲ್ಲ. ಪಾಚಿಯೊಳಗೆ ಒಂದು ಪುಟ್ಟ ಗಡ್ಡೆ, ಅದರಿಂದ ನೇರವಾಗಿ ಎದ್ದ ಕೆಲವೇ ಎಲೆ, ನಡುವೆ ತೆಳ್ಳನೆಯ ದಂಟು, ತುದಿಯಲ್ಲಿ ತಿಳಿಗುಲಾಬಿ ಹೂ. ಮಳೆ ಹಿಂದೆ ಸರಿದು ಪಾಚಿ ಒಣಗಿದರೆ ಎಲೆ, ಹೂ ಎಲ್ಲ ಮಾಯ. ಇಂಪೇಶನ್ಸ್ ಕುಲದಲ್ಲಿ ಇವನ್ನು ಸ್ಕ್ಯಾಪಿಜೆರಸ್ ಗುಂಪು ಎನ್ನುತ್ತಾರೆ. ಪಶ್ಚಿಮ ಘಟ್ಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಕರ್ಣಕುಂಡಲಗಳಿವೆ. ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಕೆಲವಂತೂ ಒಂದೆರಡು ಬೆಟ್ಟಸಾಲು ಬಿಟ್ಟು ಆಚೆ ಕಾಲಿಟ್ಟಿಲ್ಲ.

ನಮ್ಮ ಕಡೆ ಸಿಗುವ ಕಾಂಡವಿಲ್ಲದವುಗಳಲ್ಲಿ ಸ್ಕ್ಯಾಪಿಫ್ಲೋರಾ, ಅಕಾಲಿಸ್, ಸ್ಟಾಕ್ಸಿ ಎಂಬ ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ. ಮೊದಲೆರಡನ್ನು ದೂರದಿಂದ ನೋಡಿ ಬೇರೆ ಮಾಡುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಕುದುರೆಮುಖದ ಕಡೆ ಸಿಕ್ಕ ಒಂದೇ ಗಿಡವನ್ನು ಇಟ್ಟುಕೊಂಡು, ಯಾವ ದಾರಿ ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತದೆ ಎಂದು ನೋಡಿದೆ. ಅಲ್ಲಿ ಒಂದು ಎಲೆಯನ್ನೂ ಕೀಳುವಂತಿಲ್ಲ, ಅದು ರಾಷ್ಟ್ರೀಯ ಉದ್ಯಾನ. ಹಾಗಾಗಿ ನನ್ನ ಕೈಯಲ್ಲಿದ್ದದ್ದು ಫೋಟೋಗಳು, ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಲೆನ್ಸ್, ಮತ್ತು ತಾನಾಗಿ ಉದುರಿ ಪಾಚಿ ಮೇಲೆ ಬಿದ್ದಿದ್ದ ಹೂಗಳು. ಅವನ್ನು ಅಲ್ಲೇ ನೋಡಿ ಅಲ್ಲೇ ಬಿಟ್ಟೆ.

ಮೊದಲು ಫೋನಿನದೇ ಚಿತ್ರ-ಹುಡುಕಾಟ. ಸಿಗ್ನಲ್ ಇಲ್ಲದ ಕಡೆ ಅದು ಬರೀ ಕ್ಯಾಮೆರಾ. ಊರಿಗೆ ಬಂದ ಮೇಲೆ ತೋರಿಸಿದರೆ ಒಂದು ಸಲ ಆರ್ಕಿಡ್ ಎಂದಿತು, ಇನ್ನೊಂದು ಕೋನದ ಫೋಟೋಗೆ ನರ್ಸರಿಗಳಲ್ಲಿ ಕುಂಡಕ್ಕೆ ಹಾಕಿ ಮಾರುವ ಇಂಪೇಶನ್ಸ್ ವಾಲೆರಿಯಾನಾ ಎಂದಿತು. ಅದು ಪೂರ್ವ ಆಫ್ರಿಕಾ ಮೂಲದ್ದು. ಇಂಟರ್ನೆಟ್ಟಿನಲ್ಲಿ ಯಾವುದರ ಚಿತ್ರ ರಾಶಿ ಬಿದ್ದಿದೆಯೋ ಅದರ ಕಡೆಗೇ ಇಂಥ ಹುಡುಕಾಟ ವಾಲುತ್ತದೆ. ಅಪರೂಪದ ಗಿಡಕ್ಕೆ ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಪ್ಲಾಂಟ್‌ನೆಟ್ ಎಂಬ ಗಿಡ ಗುರುತಿಸುವ ಆ್ಯಪ್ ಬೇರೆ ಜಾತಿಯದು. ಕೊಡುವ ಫೋಟೋ ಎಲೆಯದೋ ಹೂವಿನದೋ ಕಾಯಿಯದೋ ಎಂದು ಮೊದಲೇ ವಿಂಗಡಿಸಿಕೊಳ್ಳುತ್ತದೆ. ಕುಲ ಇಂಪೇಶನ್ಸ್ ಎಂದು ತಕ್ಷಣ ಹಿಡಿಯಿತು. ಅದರ ಕೆಳಗೆ ಕೊಟ್ಟ ಹೆಸರುಗಳ ಪಕ್ಕದ ಅಂಕಿಗಳು ಎಲ್ಲವೂ ತೀರಾ ಕಡಿಮೆ. ಇದನ್ನು ನಾನು ಅದರ ಪ್ರಾಮಾಣಿಕತೆ ಎಂದೇ ಲೆಕ್ಕ ಹಾಕುತ್ತೇನೆ. ಜನ ತಮಗೆ ಕಂಡ ಜೀವಿಗಳ ಫೋಟೋ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್ ತಾಣದವರ ಸೀಕ್ ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ, ಇಂಬಳ ಕಾಲಿಗೆ ಹತ್ತುತ್ತಿರುವಾಗ ಇದು ಸಣ್ಣ ಅನುಕೂಲವಲ್ಲ. ಆದರೆ ಅದೂ ಕುಲದಲ್ಲೇ ನಿಂತಿತು. ಕಾರಣ ಸರಳ: ಸಾಕಷ್ಟು ಫೋಟೋ ಕೂಡಿಕೊಂಡ ಪ್ರಭೇದವನ್ನು ಮಾತ್ರ ಇಂಥ ಯಂತ್ರ ಕಲಿಯುತ್ತದೆ. ಒಂದೇ ಬೆಟ್ಟದ ಗಿಡಕ್ಕೆ ಅಷ್ಟು ಫೋಟೋ ಯಾರು ತೆಗೆದಿರುತ್ತಾರೆ?

ಇನ್ನು ಪುಸ್ತಕ, ಅಂದರೆ ಒಂದು ಪ್ರದೇಶದ ಗಿಡಗಳನ್ನೆಲ್ಲ ವಿವರಿಸುವ ಫ್ಲೋರಾ. ನನ್ನ ಪಕ್ಷಪಾತ ಇಲ್ಲೇ ಹೇಳಿಬಿಡುತ್ತೇನೆ, ನನಗೆ ಇದೇ ಇಷ್ಟ. ಗ್ಯಾಂಬಲ್‌ನ ಮದ್ರಾಸ್ ಪ್ರೆಸಿಡೆನ್ಸಿ ಫ್ಲೋರಾ 1915ರಿಂದ 1936ರವರೆಗೆ ಕಂತಿನಲ್ಲಿ ಬಂದದ್ದು. 1925ರಲ್ಲಿ ಆತ ತೀರಿಕೊಂಡ ಮೇಲೆ ಫಿಶರ್ ಮುಗಿಸಿದ. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಉತ್ತರ ಕನ್ನಡ ಮುಂಬೈಗೆ. ಹಾಗಾಗಿ ನಮ್ಮದೇ ಘಟ್ಟದ ಗಿಡಕ್ಕೆ ಒಮ್ಮೆ ಗ್ಯಾಂಬಲ್, ಒಮ್ಮೆ ಕುಕ್‌ನ ಮುಂಬೈ ಫ್ಲೋರಾ ತೆರೆಯಬೇಕು. ಈ ಗೋಜಲಿನಿಂದ ಪಾರುಮಾಡಿದ್ದು 1976ರಲ್ಲಿ ಬಂದ ಹಾಸನ ಜಿಲ್ಲೆಯ ಫ್ಲೋರಾ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಸೇರಿ ಮಾಡಿದ್ದು. ಬಿಸಿಲೆ ಘಾಟಿ ಅದರ ವ್ಯಾಪ್ತಿಯೊಳಗೇ ಬರುವುದರಿಂದ ಕುದುರೆಮುಖದ ಗಿಡಕ್ಕೂ ಅದನ್ನು ಧೈರ್ಯವಾಗಿ ತೆರೆಯಬಹುದು.

ಗಿಡ ಗುರುತಿಸಲು ಫ್ಲೋರಾದಲ್ಲಿರುವ ಕೀ ಎಂದರೆ ಎರಡೆರಡು ಹೇಳಿಕೆ. ಇದು ಸರಿಯೋ ಅದು ಸರಿಯೋ ನೋಡಿ ಒಂದನ್ನು ಹಿಡಿದು ಮುಂದೆ ಹೋಗಬೇಕು. ಕಾಂಡ ಇದೆಯೇ ಇಲ್ಲವೇ ಎಂಬಲ್ಲಿಗೆ ಮುಕ್ಕಾಲು ಪಟ್ಟಿ ಕಳಚಿಬಿತ್ತು. ಆಮೇಲೆ ಶುರುವಾಗುತ್ತದೆ ನೋಡಿ ಹೂವಿನ ಒಳಗಿನ ವ್ಯವಹಾರ. ಕರ್ಣಕುಂಡಲದ ಹೂವಿನಲ್ಲಿ ಕೆಳಗಿನ ಪುಷ್ಪಪತ್ರ ದೋಣಿಯ ಆಕಾರ ಪಡೆದು ಹಿಂದಕ್ಕೆ ಬಾಲವಾಗಿ ಚಾಚುತ್ತದೆ, ಮಕರಂದ ಇರುವುದು ಆ ಬಾಲದಲ್ಲಿ. ಅಕ್ಕಪಕ್ಕದ ಎಸಳುಗಳು ಎರಡೆರಡು ಕೂಡಿಕೊಂಡು ರೆಕ್ಕೆಗಳಾಗಿರುತ್ತವೆ. ಬಾಲ ಎಷ್ಟು ಉದ್ದ, ರೆಕ್ಕೆ ಎಷ್ಟು ಸೀಳು ಎಂದು ಕೀ ಕೇಳುತ್ತದೆ. ಉದುರಿದ ಹೂವನ್ನು ಅಂಗೈ ಮೇಲಿಟ್ಟು ಲೆನ್ಸಿನಲ್ಲಿ ನೋಡಿದೆ. ಐದು ಕೇಸರಗಳ ಪರಾಗಕೋಶಗಳು ಒಂದಕ್ಕೊಂದು ಅಂಟಿ ಟೊಪ್ಪಿಯಂತೆ ಅಂಡಾಶಯವನ್ನು ಮುಚ್ಚಿದ್ದವು. ಗಿಡದಲ್ಲೇ ಉಳಿದಿದ್ದ ಪಕ್ಕದ ಹೂವಿನಲ್ಲಿ ಆ ಟೊಪ್ಪಿ ಕಳಚಿ, ಹಸಿರು ಮೊನೆ ಹೊರಗೆ ಬಂದಿತ್ತು. ಪರಾಗದ ಪಾಳಿ ಮುಗಿದ ಮೇಲೇ ಹೂ ಹೆಣ್ಣಾಗುವುದು. ಇದ್ಯಾವುದೂ ಎದುರಿನಿಂದ ತೆಗೆದ ಚೆಂದದ ಫೋಟೋದಲ್ಲಿ ಇರುವುದಿಲ್ಲ. ಆ್ಯಪ್ ಖುಷಿಪಡುವ ಫೋಟೋ ಬೇರೆ, ಕೀಗೆ ಬೇಕಾದ ಫೋಟೋ ಬೇರೆ: ಹೂವಿನ ಪಕ್ಕದ ನೋಟ, ಬಾಲದ ಪಕ್ಕ ಮಿಲಿಮೀಟರ್ ಪಟ್ಟಿ, ಎಲೆಯ ಅಡಿಭಾಗ, ದಂಟಿನ ಬುಡ.

ಪುಸ್ತಕದ ತೊಂದರೆಯೂ ಕಡಿಮೆಯೇನಲ್ಲ. ಭಾಷೆ ಇಂಗ್ಲಿಷು, ಅದರಲ್ಲೂ ಅರ್ಧ ಲ್ಯಾಟಿನ್. ಹಾಸನದ ಫ್ಲೋರಾ ಅಂಗಡಿಯಲ್ಲಿ ಸಿಗುವ ಮಾಲಲ್ಲ, ಲೈಬ್ರರಿಯೇ ಗತಿ. ಆಮೇಲೆ ಬಂದ ಹೊಸ ಪ್ರಭೇದಗಳು ಅದರಲ್ಲಿಲ್ಲ.

ಗಿಡವನ್ನು ಒತ್ತಿ ಒಣಗಿಸಿ ಅಂಟಿಸಿಟ್ಟ ಹರ್ಬೇರಿಯಂ ಹಾಳೆಗಳನ್ನು ಈಗ ಮನೆಯಲ್ಲೇ ಕೂತು ನೋಡಬಹುದು. ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದಲ್ಲಿರುವ ಜೆಸಿಬಿ ಹರ್ಬೇರಿಯಂನ ಸಂಗ್ರಹ ಡಿಜಿಟಲ್ ಆಗಿದೆ, ಲಂಡನ್ನಿನ ಕ್ಯೂ ತೋಟದ್ದೂ ಅಷ್ಟೆ. ಬೇರೆ ಗಿಡಕ್ಕೆ ಇದು ಕೊನೆಯ ಮಾತು. ಕರ್ಣಕುಂಡಲಕ್ಕೆ ಮಾತ್ರ ಅಷ್ಟು ಸಲೀಸಲ್ಲ. ಒತ್ತಿ ಒಣಗಿಸಿದರೆ ನೀರು ತುಂಬಿದ ಈ ಹೂ ಕಾಗದಕ್ಕೆ ಅಂಟಿ ಕಂದು ಕಲೆಯಾಗುತ್ತದೆ, ರೆಕ್ಕೆ ಯಾವುದು ಬಾಲ ಯಾವುದು ತಿಳಿಯದು. 1911ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ತನ್ನ ಕೊನೆಯ ವರ್ಷಗಳನ್ನು ಈ ಕುಲಕ್ಕೇ ಸವೆಸಿದ. ಒಣ ಹೂವನ್ನು ನೆನೆಸಿ, ಬಿಡಿಸಿ, ಭಾಗ ಭಾಗವಾಗಿ ಪೆನ್ಸಿಲಿನಲ್ಲಿ ಬರೆದ. ಆ ಗೆರೆಚಿತ್ರಗಳಿರುವ ಹಾಳೆ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಹಾಳೆಯಿಂದ ದಕ್ಕುವುದು ಎಲೆಯ ಆಕಾರ ಮತ್ತು ಎಲ್ಲಿ ಸಿಕ್ಕಿತ್ತು ಎಂಬ ಚೀಟಿ, ಅಷ್ಟೆ. ಆ ಚೀಟಿಗೆ ಬೆಲೆ ಇದೆ: ಅಕಾಲಿಸ್ ಶ್ರೀಲಂಕಾದಲ್ಲೂ ಇದೆ ಎಂಬಂಥ ಮಾಹಿತಿ ನಿಂತಿರುವುದು ಅದರ ಮೇಲೆಯೇ.

ನನ್ನ ಗಿಡ ಸ್ಟಾಕ್ಸಿ ಅಲ್ಲ, ಅದರ ಹೂ ಇನ್ನೂ ಚಿಕ್ಕದು. ಕೀ ನನ್ನನ್ನು ಅಕಾಲಿಸ್‌ಗೆ ತಂದು ನಿಲ್ಲಿಸಿತು. ಅದೇ ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೂ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೂ ಏರಿಸಿದೆ. ಇಲ್ಲಿ ಹೆಸರು ಹೇಳುವುದು ಯಂತ್ರವಲ್ಲ, ಈ ಕುಲವನ್ನು ಅರೆದು ಕುಡಿದವರು. ಅವರಲ್ಲೊಬ್ಬರು ಅಕಾಲಿಸ್ ಎಂದೇ ಒಪ್ಪಿ, ಬಲಿತ ಕಾಯಿಯ ಫೋಟೋ ಇದ್ದರೆ ಹಾಕಿ ಎಂದರು. ಕಾಯಿ ಮುಟ್ಟಿದರೆ ಸಿಡಿಯುವ ಜಾತಿ, ಅದಕ್ಕಾಗಿ ಮಳೆ ಮುಗಿಯುವುದರೊಳಗೆ ಇನ್ನೊಮ್ಮೆ ಹತ್ತಬೇಕು. ಎರಡು ಗುರುತುಗಳು ತಾಳೆಯಾದರೆ ಐನ್ಯಾಚುರಲಿಸ್ಟ್ ಅದನ್ನು ರಿಸರ್ಚ್ ಗ್ರೇಡ್, ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ, ಎನ್ನುತ್ತದೆ. ಆ ಎರಡನೆಯವರು ಕೀ ತೆರೆದು ನೋಡಿದ್ದಾರೋ ಸುಮ್ಮನೆ ಹೂಂ ಎಂದಿದ್ದಾರೋ ಎಂಬುದು ಅದಕ್ಕೆ ಗೊತ್ತಾಗದು. ಹೀಗಾಗಿ ನಾನು ಹೆಸರಿನ ಜೊತೆ ಕಾರಣವನ್ನೂ ಬರೆದವರ ಮಾತಿಗೇ ತೂಕ ಕೊಡುತ್ತೇನೆ.

ಒಂದನ್ನೇ ಆರಿಸು ಎಂದರೆ ಫ್ಲೋರಾ, ಅದೂ ಕಾಡಿಗೆ ಹೋಗುವ ಮೊದಲು. ಇಂಪೇಶನ್ಸ್‌ನ ಕೀ ಇರುವ ಪುಟಗಳ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೀಲದಲ್ಲಿಟ್ಟುಕೊಂಡರೆ ಯಾವ ಫೋಟೋ ಬೇಕು ಎಂಬುದು ಗಿಡದ ಮುಂದೆಯೇ ಗೊತ್ತಾಗುತ್ತದೆ. ಆ್ಯಪ್ ಬೇಡ ಎಂದಲ್ಲ, ಕುಲ ತಿಳಿಯದವರಿಗೆ ಅದೇ ಬಾಗಿಲು. ಇನ್ನೊಂದು ಮಾತು, ಫೋಟೋ ಏರಿಸುವಾಗ ಜಾಗದ ಆಯ್ಕೆಯಲ್ಲಿ ನಿಖರ ಬಿಂದುವನ್ನು ಮರೆಮಾಡಿ. ಗಡ್ಡೆಯ ಗಿಡ, ಕಿತ್ತು ಜೇಬಿಗೆ ಹಾಕಿಕೊಂಡು ಹೋಗುವುದು ತೀರಾ ಸುಲಭ.